ಲೆಕ್ಕಕ್ಕೆ ಬಾರದ ಶುಕ್ರವಾರ

ಶಿವಬಸವ ನಗರದ ಪುಟ್ಟ ಕಚೇರಿಯಲ್ಲಿ ಇಂಜಿನಿಯರ್ ದಾನೇಶ್ವರಿ ಚಹಾ ಕುಡಿಯುತ್ತಿದ್ದಾಗ ಖಾನಾಪುರದ ಗುರುಪುತ್ರಪ್ಪ ಒಂದು ಫೋಟೊ ಕಳಿಸಿದರು. ಅವರು ಕಟ್ಟಿಸಿದ ಹೆಣ್ಣುಮಕ್ಕಳ ಹಾಸ್ಟೆಲಿಗೆಂದು ನೆಲದೊಳಗೆ ಕೂರಿಸಿದ್ದ ಪ್ಲಾಸ್ಟಿಕ್ ಟ್ಯಾಂಕಿನ ಒಂದು ಮಗ್ಗುಲು ಒಳಕ್ಕೆ ತಗ್ಗಿತ್ತು. ಆಕೆ ಸ್ವಂತವಾಗಿ ಹಿಡಿದ ಮೊದಲ ಕೆಲಸವದು.

ಲೆಕ್ಕವನ್ನು ಮತ್ತೆ ನೋಡಿದಳು. ಆಳಕ್ಕೆ ಇಳಿದಷ್ಟೂ ಮಣ್ಣು ಜೋರಾಗಿ ಒತ್ತುತ್ತದೆ; ಮಣ್ಣು ನೆನೆದರೆ ನೀರಿನ ಒತ್ತಡವೂ ಅದಕ್ಕೆ ಸೇರುತ್ತದೆ. ಅದೆಲ್ಲ ಹಿಡಿದೇ ಮಾಡಿದ ಲೆಕ್ಕ, ಎಲ್ಲಿಯೂ ತಪ್ಪಿರಲಿಲ್ಲ. ಹೊರಗೆ ಮಣ್ಣು ಏರಿದಂತೆ ಒಳಗೆ ನೀರೂ ಏರಬೇಕು, ಅದೊಂದೇ ಷರತ್ತು. ಅದನ್ನು ಗುರುಪುತ್ರಪ್ಪನವರಿಗೆ ಬಾಯಿಬಿಟ್ಟು ಹೇಳಿಯೂ ಬಂದಿದ್ದಳು.

ಸ್ಕೂಟರ್ ಏರಿ ಖಾನಾಪುರ ಮುಟ್ಟಿದಾಗ ಮಳೆ ಹಿಡಿದಿತ್ತು. ಗುರುಪುತ್ರಪ್ಪ ಗುಂಡಿಯ ಪಕ್ಕ ಛತ್ರಿ ಹಿಡಿದು ನಿಂತಿದ್ದರು.

“ಒಳಗ ನೀರ ಎಷ್ಟ ಬಿಟ್ಟೀರಿ ಕಾಕಾ?”

“ಒಂದ ಹನೀನೂ ಇಲ್ಲವಾ. ಶುಕ್ರವಾರ ಗಂಗಾಪೂಜಿ ಐತಿ. ಪೂಜಿ ಆಗದ ನೀರ ಹೆಂಗ ಬಿಡೂದು?”

ದಾನೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲ ಒತ್ತಡವನ್ನೂ ಲೆಕ್ಕಕ್ಕೆ ಹಿಡಿದ ಪುಣ್ಯಾತ್ಗಿತ್ತಿ ಶುಕ್ರವಾರವೊಂದನ್ನು ಬಿಟ್ಟಿದ್ದಳು!

“ಹೊರಗಿಂದ ಮಣ್ಣ ದೂಡತೈತ್ರಿ. ಒಳಗಿಂದ ನೀರ ಎದಿ ಕೊಟ್ಟರ ತಡೀತೈತಿ. ಮಳಿ ಹಿಂಗ ಹೊಡದ್ರ ಶುಕ್ರವಾರ ಪೂಜಿ ಮಾಡಾಕ ಟ್ಯಾಂಕ ಉಳಿಯಂಗಿಲ್ಲ. ಹುಡಿಗ್ಯಾರು ಬಂದ್ರ ಏನ ಕುಡೀತಾರ?”

ಗುರುಪುತ್ರಪ್ಪ ಜಗ್ಗಲಿಲ್ಲ. ಮೊದಲ ಕೊಡ ಸುರಿಯುವುದು ತಮ್ಮ ಹೆಂಡತಿ ಅಕ್ಕವ್ವನ ಹರಕೆ, ದಿನ ಬದಲಿಸಲು ತಾವ್ಯಾರು ಎಂದರು. ಹಾಗಾದರೆ ಹರಕೆ ಹೊತ್ತವರನ್ನೇ ಕೇಳೋಣವೆಂದು ದಾನೇಶ್ವರಿ ಅವರ ಮನೆಗೆ ಓಡಿದಳು.

ಹೋಳಿಗೆಗೆ ಕಡಲೆಬೇಳೆ ಆರಿಸುತ್ತಿದ್ದ ಅಕ್ಕವ್ವ ಎಲ್ಲವನ್ನೂ ಕೇಳಿ ಮೊರ ಬದಿಗಿಟ್ಟರು. ತಾಮ್ರದ ಕೊಡ ತುಂಬಿ, ಅರಿಸಿನ ಕುಂಕುಮ ಹಿಡಿದು ಮಳೆಯಲ್ಲೇ ನಡೆದು ಬಂದರು.

“ಇವತ್ತ ಮಂಗಳವಾರ ಅಲ್ಲೇನ?” ಎಂದರು ಗುರುಪುತ್ರಪ್ಪ.

“ಗಂಗವ್ವ ಬಂದ ದಿನಾನ ಶುಕ್ರವಾರ. ಸುಮ್ನ ಛತ್ರಿ ಹಿಡೀರಿ.”

ದಾನೇಶ್ವರಿ ಮೊದಲು ತಗ್ಗಿದ ಬದಿಯ ಮಣ್ಣು ತೆಗೆಸಿದಳು. ಅಕ್ಕವ್ವ ಕೊಡ ಸುರಿದು ಕೈಮುಗಿದರು. ಹಿಂದೆಯೇ ಬೋರಿನ ಪೈಪು ಬಿಟ್ಟರು. ನೀರು ಏರುತ್ತ ಹೋದಂತೆ ಟ್ಯಾಂಕು ಒಮ್ಮೆ ಡಬ್ಬೆಂದಿತು. ತಗ್ಗು ಹೊರಬಂದು ನೆಟ್ಟಗಾಯಿತು. ಎಲ್ಲೂ ಸೀಳಿರಲಿಲ್ಲ. ಸಂತೋಷಕ್ಕೆ ದಾನೇಶ್ವರಿಯ ಕಣ್ಣು ತುಂಬಿದವು.

“ಇನ್ನ ಮಣ್ಣ ಹಾಕಸ್ಲೇನವಾ?” ಗುರುಪುತ್ರಪ್ಪ ಮೆತ್ತಗೆ ಕೇಳಿದರು.

“ನೀರ ಏರಿದಷ್ಟ ಹಾಕಸ್ರಿ ಕಾಕಾ.”

“ಮತ್ತ ಶುಕ್ರವಾರ?”

“ಅವತ್ತ ಹೋಳಿಗಿ,” ಎಂದ ಅಕ್ಕವ್ವ, ದಾನೇಶ್ವರಿಯ ಕಡೆ ತಿರುಗಿದರು. “ನೀನೂ ಬಾರವಾ. ಈ ಸಲ ಶುಕ್ರವಾರನೂ ಲೆಕ್ಕದಾಗ ಹಿಡಕೊ.”