ಲೋಳೆಯೋ ಪಾಚಿಯೋ

ಹರಿಹರದ ಹೊಳೆಯ ಮೆಟ್ಟಿಲುಗಳಿಗೆ ಲೋಳೆ ಕಟ್ಟಿತ್ತು. ೧೯೫೮ರ ಮಳೆಗಾಲದ ಕೊನೆಗೆ ಕೊಟ್ರವ್ವನ ಅತ್ತೆ ಅಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಕೊಟ್ರವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ಹೊಳೆಮೆಟ್ಟಿಲ ಸಮಿತಿಯ ಅಧ್ಯಕ್ಷ ವಾಮದೇವಪ್ಪನವರ ಮನೆಗೆ ಹೋದಳು. ಅವರು ಇದ್ದದ್ದು ದಾವಣಗೆರೆಯಲ್ಲಿ. ಹೊಳೆಯ ಬಗ್ಗೆ ಆಳವಾಗಿ ಚಿಂತಿಸಲು ಅಷ್ಟು ದೂರವಾದರೂ ಬೇಕಲ್ಲ.

“ಮೆಟ್ಲ ಮ್ಯಾಲೆ ಲೋಳೆ ಐತ್ರಿ ಯಜಮಾನ್ರೆ, ತಿಕ್ಕಿಸ್ರಿ” ಎಂದಳು ಕೊಟ್ರವ್ವ.

“ಲೋಳೆ ಅಂದ್ರೆ ಬೆಂಡೆಕಾಯಾಗ ಇರೋದು, ಬಸವನಹುಳ ಬಿಡೋದು. ಕಲ್ಲಿನ ಮ್ಯಾಲೆ ಇರೋದು ಪಾಚಿ. ಮೊದ್ಲು ಮಾತು ಸರಿ ಮಾಡ್ಕೊಳ್ರಿ.”

“ಆಯ್ತು, ಪಾಚೀನೇ ಅನ್ರಿ. ತಿಕ್ಕಿಸ್ತೀರಾ?”

“ಪಾಚಿ ನೀರಿನ ಸ್ವಭಾವ. ಅದಕ್ಕೆ ಸಮಿತಿ ಏನು ಮಾಡಾಕಾಗ್ತೈತೆ?”

ಕೊಟ್ರವ್ವ ಪಟ್ಟು ಬಿಡಲಿಲ್ಲ. ಕೊನೆಗೆ ವಾಮದೇವಪ್ಪನವರೇ ಪರಿಶೀಲನೆಗೆ ಬಂದರು. ಹೆಂಗಸರ ಅಂಜಿಕೆ ಎಷ್ಟು ಸುಳ್ಳೆಂದು ತೋರಿಸಲು, ಇಸ್ತ್ರಿ ಮಾಡಿದ ಪಂಚೆ ಎತ್ತಿ ಹಿಡಿದು ಒಂದು ಮೆಟ್ಟಿಲಿಳಿದರು. ಉಳಿದವನ್ನು ಇಳಿಯುವ ಶ್ರಮ ಅವರಿಗೆ ಬೀಳಲಿಲ್ಲ. ನೀರಿನ ಅಂಚಿನವರೆಗೆ ಜಾರಿಹೋಗಿ ಬೋರಲು ಬಿದ್ದರು.

ಎತ್ತಲು ಓಡಿದವರನ್ನು ತಡೆದು, ಮಲಗಿದಲ್ಲೇ ಕೈ ಜೋಡಿಸಿ, “ತಾಯಿ ತುಂಗಭದ್ರೆಗೆ ಸಾಷ್ಟಾಂಗ ನಮಸ್ಕಾರ!” ಎಂದರು.

ಕೊಟ್ರವ್ವ ಭಕ್ತಿಯಿಂದ ತಲೆದೂಗಿದಳು. “ನಮ್ಮತ್ತೀನೂ ಇಲ್ಲೇ ಹಾಕಿದ್ಲ್ರಿ. ಆದ್ರೆ ನಮಸ್ಕಾರ ಅನ್ನೋದು ಪಾಪ ಆಕೀಗೆ ಹೊಳೀಲೇ ಇಲ್ಲ.”

ಮರುದಿನ ಆಳುಗಳು ಸುಣ್ಣ, ಗಟ್ಟಿ ಪೊರಕೆ ಹಿಡಿದು ಬಂದು ಮೆಟ್ಟಿಲುಗಳನ್ನೆಲ್ಲ ತಿಕ್ಕಿದರು. ಭಕ್ತರು ಇನ್ನು ಮುಂದೆ ನಿಂತೇ ನಮಸ್ಕರಿಸಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿತ್ತಂತೆ.