ಅದು ನಗುವಲ್ಲ

ಎಲ್ಲಿಂದ ಶುರು ಮಾಡಲಿ? ಏಟಿನಿಂದ ಮಾಡಿದರೆ ನೀವು ಅವನನ್ನು ರಾಕ್ಷಸ ಎಂದುಕೊಂಡು ಪುಟ ಮಗುಚುತ್ತೀರಿ. ಮಂಗಗಳಿಂದ ಮಾಡಿದರೆ ಪಾಠ ಎಂದುಕೊಂಡು ಆಕಳಿಸುತ್ತೀರಿ. ಹಾಳಾಗಿ ಹೋಗಲಿ, ಆಕಳಿಸಿ.

೧. ಮಂಗಗಳ ಜಗಳ ನೋಡುವುದೇ ಅವನ ಕೆಲಸ. ಸಂಶೋಧನಾಲಯದಲ್ಲಿ ಬಲೆಯ ಈಚೆ ಕೂತು, ಯಾವುದು ಯಾವುದನ್ನು ಕಚ್ಚಿತು, ಆಮೇಲೆ ಯಾವುದು ಯಾವುದರ ಹೇನು ಹೆಕ್ಕಿತು ಎಂದು ಗಮನಿಸುತ್ತಾನೆ. ಹೊಸದಾಗಿ ಸೇರಿದವರಿಗೆ ಮೊದಲು ಹೇಳುವ ಮಾತು ಇದು: "ಸದ್ದಿಲ್ದೆ ಹಲ್ಲು ಕಿರಿದ್ರೆ ಅದು ನಗು ಅಲ್ಲ ಕಣ್ರಯ್ಯಾ. ಹೊಡೀಬೇಡ ಅಂತ ಬೇಡ್ಕೊಳ್ಳೋದು."

೨. (ಇಲ್ಲಿ ಅವನ ಬಾಲ್ಯ ಬರೆದಿದ್ದೆ. ಅವನಪ್ಪ, ಅಪ್ಪನ ಬೆಲ್ಟು, ಇತ್ಯಾದಿ. ಹರಿದು ಬಿಸಾಕಿದೆ. ಅವನಿಗೆ ನೆಪ ಹುಡುಕಿಕೊಡಲು ನಾನೇನು ಅವನ ವಕೀಲನೇ?)

೩. ತಾಯಿಯಿಲ್ಲದ ಮಗಳೊಬ್ಬಳು ಅವನಿಗೆ. ಗುಬ್ಬಿ ಎಂದೇ ಕರೆಯುತ್ತಾನೆ. ದಿನಾ ಬೆಳಿಗ್ಗೆ ಅವನಿಗೆ ಬೆನ್ನು ಕೊಟ್ಟು ಕೂತು ಜಡೆ ಹೆಣೆಸಿಕೊಳ್ಳುವವಳು. ಆ ಸಂಜೆ ಅವನ ಬೈನಾಕ್ಯುಲರ್ ಅವಳ ಕೈಜಾರಿ ಒಡೆಯಿತು.

"ಯಾರೇ ಮುಟ್ಟು ಅಂದಿದ್ದು ನಿಂಗೆ?"

ಗುಬ್ಬಿಯ ತುಟಿ ಹಿಂದಕ್ಕೆ ಸರಿದು ಹಲ್ಲು ಕಂಡವು.

"ನಗ್ತೀಯಾ? ನನ್ನ ಮುಂದೆ ನಿಂತ್ಕೊಂಡು ನಗ್ತೀಯಾ?"

ಹೊಡೆದ. ಹಲ್ಲು ಇನ್ನಷ್ಟು ಕಂಡವು. ಮತ್ತೆ ಹೊಡೆದ.

ಅರ್ಥವಾದಾಗ ಕೈ ಇನ್ನೂ ಮೇಲೆಯೇ ಇತ್ತು.

೪. ಈಗ ಗುಬ್ಬಿ ತಾನೇ ಬಾಚಿಕೊಳ್ಳುತ್ತಾಳೆ. ಬೈತಲೆ ಸೊಟ್ಟ.

ಒಂದನೆಯ ಕೊನೆ: ಜಗಳವಾದ ಮೇಲೆ ಮಂಗಗಳು ಮಾಡುವಂತೆ ಅವನು ಅವಳ ಪಕ್ಕ ಹೋಗಿ ಬೆನ್ನು ತಿರುಗಿಸಿ ಕೂರುತ್ತಾನೆ. ಅವಳು ಅವನ ತಲೆಗೂದಲಲ್ಲಿ ಬೆರಳಾಡಿಸುತ್ತಾಳೆ. ಒಳ್ಳೆ ಕ್ಲೈಮ್ಯಾಕ್ಸ್, ಅಲ್ಲವೇ?

ಗುಬ್ಬಿ ನನ್ನ ಮೇಲೇ ಉರಿದುಬಿದ್ದಳು. "ಹೊಡ್ಸ್ಕೊಂಡೋಳೂ ನಾನೇ, ಸಮಾಧಾನ ಮಾಡೋಳೂ ನಾನೇನಾ? ನಾನೇನು ಕೋತೀನಾ?"

ಅಳಿಸಿದೆ.

ಎರಡನೆಯ ಕೊನೆ: ಅವನು ಕ್ಷಮೆ ಕೇಳುತ್ತಾನೆ. ಅವಳು ನಗುತ್ತಾಳೆ.

"ನಗಲ್ಲ," ಎಂದಳು. "ನಕ್ರೆ ಅಪ್ಪನೂ ನೀವೂ ನಿಮ್ಗೆ ಬೇಕಾದ ಹಾಗೆ ಅರ್ಥ ಮಾಡ್ಕೋತೀರಿ."

"ಏ, ಕಥೆ ಮುಗೀಬೇಕಲ್ವೇನೇ!"

ನನ್ನ ದನಿ ತುಸು ಜೋರಾಯಿತು, ಅಷ್ಟೇ. ಗುಬ್ಬಿಯ ತುಟಿ ಹಿಂದಕ್ಕೆ ಸರಿಯಿತು. ಹಲ್ಲು ಕಂಡವು.

ಪೆನ್ನು ಕೆಳಗಿಟ್ಟಿದ್ದೇನೆ.

ಪಕ್ಕದ ಕೋಣೆಯಲ್ಲಿ ಅವನು ಬಾಚಣಿಗೆ ಹಿಡಿದು ಕೂತಿದ್ದಾನೆ. ನೀವಾದರೂ ಅವಳನ್ನು ಕರೆಯಿರಿ ಎನ್ನುವಂತೆ ನನ್ನ ಮುಖ ನೋಡುತ್ತಾನೆ. ನಾನು ಕರೆಯುವುದಿಲ್ಲ. ನೀವೂ ಕರೆಯಬೇಡಿ. ಅವನ ಕೋಣೆಯ ಬಾಗಿಲಿಗೆ ಅಗುಳಿ ಹಾಕಿಲ್ಲ. ಬಂದರೆ ಅವಳೇ ಬರಲಿ.