ಐದೂವರೆ ಪೌಂಡಿನ ಕೋವಿ

ಥರ್ಲೋ ಪೆನ್ಹೇಲ್ ನನ್ನ ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದವನು, ಮಾತಾಡುವ ಮೊದಲು ಗಾಜಿನ ಕಪಾಟಿನ ಮೇಲೆ ಎರಡೂ ಕೈ ಊರಿ ನಿಂತ. ಐದಾರು ಸಲ ಉಸಿರೆಳೆದುಕೊಂಡ. ಮೂವತ್ತು ವರ್ಷ ಬೆಳ್ಳಿಯ ಗಣಿಯಲ್ಲಿ ಕಲ್ಲು ಕೊರೆದವನು ಅವನು. ಆ ಕಲ್ಲಿನ ಧೂಳು ಈಗ ಎದೆಯೊಳಗೆ ಕೂತು ಗಟ್ಟಿಯಾಗಿತ್ತು.

"ಬಂತು ಕಣೋ ರೂಬ್," ಎಂದು ಜೇಬಿನಿಂದ ಕಾಗದ ತೆಗೆದ.

ಬೆಟ್ಟದ ಟಗರಿನ ಬೇಟೆಗೆ ಪರವಾನಗಿ. ನಮ್ಮ ಐಡಾಹೋದಲ್ಲಿ ಅದನ್ನು ಚೀಟಿ ಎತ್ತಿ ಕೊಡುತ್ತಾರೆ. ಒಮ್ಮೆ ಟಗರು ಹೊಡೆದವನಿಗೆ ಜನ್ಮದಲ್ಲಿ ಇನ್ನೊಂದಿಲ್ಲ. ಇಪ್ಪತ್ತೊಂಬತ್ತು ವರ್ಷ ಸತತವಾಗಿ ಅರ್ಜಿ ಹಾಕಿದ ಮೇಲೆ ಅವನ ಹೆಸರು ಬಂದಿತ್ತು, ಅರವತ್ತೆರಡನೆಯ ವಯಸ್ಸಿನಲ್ಲಿ.

"ಹತ್ತು ವರ್ಷ ಹಿಂದೆ ಬಂದಿದ್ರೆ ಓಡಿ ಹತ್ತುತಿದ್ದೆ. ಈಗ ನಮ್ಮಪ್ಪನ ಕೋವಿ ಎತ್ಕೊಂಡು ಕಾರಿನ ತನಕ ಹೋದ್ರೆ ಕಣ್ಣು ಕತ್ತಲೆ ಬರತ್ತೆ. ಒಂಬತ್ತು ಪೌಂಡು ಅದು. ಹಗುರವಾದ್ದು ಏನಿದೆ, ತೋರ್ಸು."

ಅವನ ಹೆಂಡತಿ ಆರ್ಡಿತ್ ಬಾಗಿಲು ಮುಚ್ಚಿ ಒಳಗೆ ಬಂದಳು. ಔಷಧದಂಗಡಿಯಲ್ಲಿ ದುಡಿದು ನಿವೃತ್ತಳಾದವಳು. ಗುಳಿಗೆ ಎಣಿಸಿದ ಕೈ. ಮದುವೆಯಾದಂದಿನಿಂದ ಅವನ ಬೇಟೆಯ ತೋಟಾಗಳನ್ನೆಲ್ಲ ಅವಳೇ ತಯಾರಿಸುತ್ತಿದ್ದಳು. ಹಾರಿಸಿದ ಹಿತ್ತಾಳೆಯ ಕೋಶ ಆಯ್ದು ತೊಳೆದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಒತ್ತಿ. ನಮ್ಮೂರಲ್ಲಿ ಅವಳ ತೋಟಾ ಎಂದರೆ ಕಣ್ಣು ಮುಚ್ಚಿ ನಂಬುತ್ತಿದ್ದರು. ಕಾಗದದ ಗುರಿಗೆ ಗಂಡನಿಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು. ಆದರೆ ಜೀವವಿರುವ ಯಾವುದರ ಕಡೆಗೂ ಒಮ್ಮೆಯೂ ಕೋವಿ ತಿರುಗಿಸಿರಲಿಲ್ಲ. ಯಾರಾದರೂ ಕೇಳಿದರೆ, "ನನ್ನ ಕೆಲಸ ತೋಟಾ ಡಬ್ಬಿ ಮುಚ್ಚೋವರೆಗೆ," ಎನ್ನುತ್ತಿದ್ದಳು.

ನಾನು ಎರಡು ಕೋವಿ ತೆಗೆದಿಟ್ಟೆ. ಮೊದಲನೆಯದು ಐದು ಪೌಂಡಿಗೂ ಕಡಿಮೆ, ಬಹಳ ಮದ್ದು ಹಿಡಿಯುವ ಮುನ್ನೂರು ಮ್ಯಾಗ್ನಮ್ ತೋಟಾದ್ದು. ಥರ್ಲೋ ಅದನ್ನು ಒಂದೇ ಕೈಯಲ್ಲಿ ಎತ್ತಿದ. ಮುಖ ಅರಳಿತು.

"ಇದರೊಳಗೆ ಏನೂ ಇಲ್ವಲ್ಲೋ! ಕಟ್ಟು ಇದನ್ನೇ."

"ಭಾರ ಎಲ್ಲೂ ಹೋಗಲ್ಲ ಥರ್ಲೋ," ಎಂದಳು ಆರ್ಡಿತ್. "ಹೆಗಲಿಂದ ಇಳಿಸಿದ್ದು ಗುಂಡು ಹೊಡೆದಾಗ ಕೋವಿಯ ಒದೆತದಲ್ಲಿ ವಾಪಸ್ ಬರತ್ತೆ. ಇಷ್ಟು ಹಗುರದ ಕೋವೀಲಿ ಅಷ್ಟು ಮದ್ದು ಸುಟ್ರೆ ನಿನ್ನ ಎದೆ ಏನಾಗತ್ತೆ? ಎಕ್ಸ್-ರೇ ನಾನೂ ನೋಡಿದೀನಿ."

ಎರಡನೆಯದು ಐದೂವರೆ ಪೌಂಡು. ಪೆನ್ಸಿಲಿನಂಥ ಉಕ್ಕಿನ ನಳಿಗೆ. ಸೆವೆನ್-ನಾಟ್-ಎಯ್ಟ್ ಎಂಬ ಗಿಡ್ಡ ತೋಟಾ. ಮದ್ದು ಕಡಿಮೆ ಹಿಡಿಯುತ್ತದೆ, ಒದೆತವೂ ಕಡಿಮೆ, ಮುನ್ನೂರು ಗಜದೊಳಗೆ ಟಗರಿಗೆ ಧಾರಾಳ ಸಾಕು. ಹಿತ್ತಾಳೆ ಕೋಶವೂ ಸುಲಭವಾಗಿ ಸಿಗುತ್ತದೆ.

"ಇದು ಹೆಂಗಸರ ತೋಟಾ," ಎಂದು ಥರ್ಲೋ ಗೊಣಗಿದ.

"ಟಗರು ತೋಟಾದ ಮೇಲಿನ ಹೆಸರು ಓದಲ್ಲ. ತಗೋ," ಎಂದಳು ಅವಳು. ಅವನು ನನ್ನ ಮುಖ ನೋಡಿದ. ನಾನು ಕಪಾಟು ಒರೆಸತೊಡಗಿದೆ. ಕೊನೆಗೆ ಅದನ್ನೇ ಕೊಂಡರು.

ಆ ಬೇಸಿಗೆಯ ಶನಿವಾರಗಳೆಲ್ಲ ಊರಾಚೆಯ ಜಲ್ಲಿಗುಂಡಿಯಲ್ಲಿ ಕಳೆದವು. ನಾನೂ ಎಷ್ಟೋ ಸಲ ಹೋಗಿದ್ದೆ. ತೆಳುವಾದ ನಳಿಗೆ ಮೂರು ಈಡಿಗೇ ಕಾದು, ನಾಲ್ಕನೆಯದು ಎಲ್ಲೋ ಹೋಗುತ್ತಿತ್ತು. ಹಾಗಾಗಿ ಮೂರು ಹೊಡೆದು, ಕಾಫಿ ಕುಡಿದು, ನಳಿಗೆ ಕೈಗೆ ತಣ್ಣಗೆನಿಸಿದ ಮೇಲೆ ಮತ್ತೆ ಮೂರು. ಆರ್ಡಿತ್ ಕೂದಲೆಳೆಯಷ್ಟೇ ವ್ಯತ್ಯಾಸದಲ್ಲಿ ಐದು ಬಗೆಯಾಗಿ ಮದ್ದು ತೂಗಿ ತಂದಿದ್ದಳು. ಎಲ್ಲಕ್ಕಿಂತ ವೇಗದ್ದನ್ನು ಅವಳು ಆರಿಸಲಿಲ್ಲ. ಕೆಳಗಿನಿಂದ ಎರಡನೆಯದನ್ನು ಆರಿಸಿದಳು. ಅದರಲ್ಲಿ ನೂರು ಗಜಕ್ಕೆ ಮೂರು ಗುಂಡೂ ಬೆರಳಗಲದೊಳಗೆ ಬೀಳುತ್ತಿದ್ದವು, ಥರ್ಲೋ ಹೊಡೆದ ಮೇಲೆ ಕೆಮ್ಮುತ್ತಿರಲಿಲ್ಲ. ಒಂದು ದಿನ ತೂಕದ ನಡುವೆ ಫೋನು ಬಂದು ಎದ್ದುಹೋಗಿದ್ದಳಂತೆ. ಯಾವುದಕ್ಕೆ ಎರಡು ಸಲ ಮದ್ದು ಬಿತ್ತೋ ಎಂಬ ಅನುಮಾನ ಹೊಕ್ಕು, ಮುಗಿಸಿದ್ದ ನಲವತ್ತು ತೋಟಾಗಳನ್ನೂ ಬಿಚ್ಚಿ ಮೊದಲಿನಿಂದ ತುಂಬಿದಳು.

ಆಗಸ್ಟಿನಲ್ಲಿ ಅವಳೇ ಬೇಟೆ ಇಲಾಖೆಯಿಂದ ಒಂದು ಅರ್ಜಿ ತಂದಳು. ಅಂಗವಿಕಲ ಬೇಟೆಗಾರನ ಜೊತೆಗಾರರ ಅರ್ಜಿ. ಅವನು ಗಾಯಗೊಳಿಸಿದ ಪ್ರಾಣಿಯನ್ನು ಜೊತೆಗಾರರು ಬೆನ್ನಟ್ಟಿ ಮುಗಿಸಬಹುದು. ಅದಿಲ್ಲದೆ ಇನ್ನೊಬ್ಬರು ಹೊಡೆದರೆ ಅಪರಾಧ. ಥರ್ಲೋ ಆ ಪದ ಓದಿದವನೇ ಕಾಗದ ತಿರುಗಿಸಿ ಇಟ್ಟ.

"ನಾನು ಅಂಗವಿಕಲ ಅಲ್ಲ. ಕೈಕಾಲು ನೆಟ್ಟಗಿವೆ."

"ಶ್ವಾಸಕೋಶ?"

"ಸಹಿ ಮಾಡಲ್ಲ ಅಂದ್ನಲ್ಲ ಆರ್ಡಿತ್. ಮಾಡಲ್ಲ."

ಸೆಪ್ಟೆಂಬರಿನಲ್ಲಿ ಇಬ್ಬರೂ ಹೊರಟರು. ಮುಂದಿನದು ಅವಳ ಬಾಯಿಂದ ನಾನು ಕೇಳಿದ್ದು.

ನಲವತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಹತ್ತಿದರು. ಮೂರನೆಯ ದಿನ ಮಧ್ಯಾಹ್ನ, ಕೊರಕಲಿನಾಚೆಯ ಹುಲ್ಲು ಚಪ್ಪಡಿಯ ಮೇಲೆ ಟಗರು ಮಲಗಿತ್ತು. ಕೊಂಬು ಸುರುಳಿ ಸುತ್ತಿ ಮತ್ತೆ ಮುಂದಕ್ಕೆ ಬಂದಿತ್ತು. ಇನ್ನೂರ ಎಪ್ಪತ್ತು ಗಜ. ಥರ್ಲೋ ಚೀಲದ ಮೇಲೆ ಕೋವಿ ಊರಿ ಮಲಗಿದ. ಅಷ್ಟು ಹಗುರದ ಕೋವಿ ಅವನ ಒಂದೊಂದು ಉಸಿರಿಗೂ ಏರಿ ಇಳಿಯುತ್ತಿತ್ತು. ಅವರಪ್ಪನ ಭಾರದ ಕೋವಿಯಾಗಿದ್ದರೆ ಅಲುಗದೆ ಕೂತಿರುತ್ತಿತ್ತು. ಆದರೆ ಅದನ್ನು ಹೊತ್ತು ಇಲ್ಲಿಗೆ ಬರಲು ಆಗುತ್ತಿರಲಿಲ್ಲ.

"ತಡಿ, ಉಸಿರು ಹತೋಟಿಗೆ ಬರ್ಲಿ," ಎಂದಳು ಆರ್ಡಿತ್.

ಟಗರು ಎದ್ದಿತು. ಥರ್ಲೋ ಕಾಯದೆ ಹೊಡೆದ.

ಗುಂಡು ಹಿಂದಕ್ಕೆ, ಹೊಟ್ಟೆಗೆ ಬಿತ್ತು. ಟಗರು ಬೆನ್ನು ಬಾಗಿಸಿ ಅಂಚಿನ ಕೆಳಗೆ ಕುಂಟಿಕೊಂಡು ಹೋಗಿ, ಬಂಡೆಯ ಮರೆಗೆ ಮಲಗಿತು. ಬರೀ ಕೊಂಬಿನ ತುದಿ ಕಾಣುತ್ತಿತ್ತು. ಥರ್ಲೋಗೆ ಕೆಮ್ಮು ಹತ್ತಿತು. ಕೆಮ್ಮು ನಿಂತಾಗ ತುಟಿ ನೀಲಿಯಾಗಿತ್ತು, ಎದ್ದು ಕೂರಲೂ ಆಗಲಿಲ್ಲ. ಕೊರಕಲು ದಾಟಲು ಒಳ್ಳೆಯ ಕಾಲಿಗೇ ಒಂದು ಗಂಟೆ ಬೇಕು. ಆರ್ಡಿತ್ ಕೋವಿ ಕೈಗೆ ತೆಗೆದುಕೊಂಡಳು.

"ಬೇಡ. ಕಾನೂನಲ್ಲ ಅದು."

"ಅದು ನಾಳೆವರೆಗೆ ನರಳೋದು ಕಾನೂನಾ?"

ಅವಳು ಇಳಿದು, ಕೈಯೂರಿ ಹತ್ತಿ, ಬಂಡೆ ಬಳಸಿ ನಲವತ್ತು ಹೆಜ್ಜೆಯಷ್ಟು ಹತ್ತಿರ ಹೋದಳು. ಟಗರು ಕತ್ತು ತಿರುಗಿಸಿ ಅವಳನ್ನು ನೋಡಿತು. ಏಳಲು ಹೋಗಿ ಬಿಟ್ಟುಬಿಟ್ಟಿತು. ಅವಳು ಮಂಡಿಯೂರಿ, ಉಸಿರು ಹಿಡಿದು ಕೋವಿಯ ಕುದುರೆ ಎಳೆದಳು.

ಆಮೇಲೆ ಅಲ್ಲೇ ಬಹಳ ಹೊತ್ತು ಕೂತಿದ್ದಳಂತೆ. ಅಡುಗೆಮನೆಯಲ್ಲಿ ಎಷ್ಟೋ ಜಿಂಕೆ ಕೊಯ್ದ ಕೈ ಅಂದು ಚೂರಿ ಹಿಡಿಯಲು ಒಪ್ಪಲಿಲ್ಲ. ಆದರೂ ಕೆಡಲು ಬಿಡಬಾರದೆಂದು ಕೊಯ್ದಳು. ಎರಡು ದಿನ ಒಬ್ಬಳೇ ಮಾಂಸವನ್ನೂ ಕೊಂಬನ್ನೂ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಸಿದಳು.

ಅಷ್ಟರಲ್ಲಿ ಸ್ವಲ್ಪ ಚೇತರಿಸಿಕೊಂಡು ನಿಂತು ನಿಂತು ಹಿಂದೆ ಬರುತ್ತಿದ್ದ ಥರ್ಲೋ ದಾರಿಯಲ್ಲಿ ಒಂದು ಸಲ ಹೇಳಿದ: "ಮೊದಲ ಗುಂಡು ನಂದೇ ತಾನೆ. ಪರವಾನಗಿ ನಂದು. ಇಲ್ಲಿ ಯಾರಿದ್ರು ನೋಡೋಕೆ?"

ಆರ್ಡಿತ್ ಬೆನ್ನ ಮೇಲೆ ಕೊಂಬು ಹೊತ್ತು ಮುಂದೆ ನಡೆಯುತ್ತಲೇ ಇದ್ದಳು. ಸೇತುವೆಯ ಹತ್ತಿರ ಫೋನಿಗೆ ಸಿಗ್ನಲ್ ಬಂದಾಗ ಅವಳು ಬೇಟೆ ಇಲಾಖೆಯ ನಂಬರು ಒತ್ತಿದಳು. ಥರ್ಲೋ ಕೈ ಚಾಚಿದ.

"ಕೊಡಿಲ್ಲಿ. ನಾನೇ ಮಾತಾಡ್ತೀನಿ."

ಬೇಟೆ ಇಲಾಖೆಯ ಅಧಿಕಾರಿ ಲಿಂಡ್‌ಗ್ರೆನ್ ಸಂಜೆಯೊಳಗೆ ಬಂದ. ನಡುವಯಸ್ಸಿನ ಸಭ್ಯ ಮನುಷ್ಯ. ಎಲ್ಲ ಕೇಳಿ, ಬರೆದುಕೊಂಡು, ಟೋಪಿ ತೆಗೆದು ತಲೆ ಸವರಿಕೊಂಡ.

"ಸರ್, ಆ ಒಂದು ಅರ್ಜಿಗೆ ಸಹಿ ಹಾಕಿದ್ರೆ ಮೇಡಂ ಮಾಡಿದ್ದು ತಪ್ಪೇ ಆಗ್ತಿರ್ಲಿಲ್ಲ. ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು," ಎಂದ ಥರ್ಲೋ. "ಬರ್ಕೊಳ್ಳಿ ಅದನ್ನೂ. ತಪ್ಪು ನಂದು, ಅವಳ್ದಲ್ಲ."

ಕೊಂಬು ಸರ್ಕಾರದ ವಶವಾಯಿತು. ಮಾಂಸ ಊರಿನ ವೃದ್ಧಾಶ್ರಮದ ಅಡುಗೆಮನೆಗೆ ಹೋಯಿತು. ನ್ಯಾಯಾಧೀಶರು ಆರ್ಡಿತ್‌ಗೆ ಎಚ್ಚರಿಕೆಯಷ್ಟೇ ಕೊಟ್ಟು, ಥರ್ಲೋನ ಲೈಸೆನ್ಸನ್ನು ಎರಡು ವರ್ಷ ತಡೆಹಿಡಿದರು. ಹೊರಗೆ ಬಂದು ಅವನು ನನ್ನ ಹೆಗಲು ಹಿಡಿದು ಮೆಟ್ಟಿಲು ಇಳಿಯುತ್ತ, "ಎರಡು ವರ್ಷವಂತೆ ರೂಬ್. ಡಾಕ್ಟರಿಗಿಂತ ಈ ಮನುಷ್ಯನೇ ಉದಾರಿ," ಎಂದ. ನಾನು ನಗಲಿಲ್ಲ. ಅವನೂ ನಗಲಿಲ್ಲ.

ಮಾರ್ಚಿನಲ್ಲಿ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ನನಗೊಂದು ಲೋಟ ಕಾಫಿ ಕೊಟ್ಟು, ಆರ್ಡಿತ್ ಇನ್ನೊಂದು ಮಾತು ಹೇಳಿದಳು.

ಬೆಟ್ಟದಿಂದ ಬಂದ ಮೇಲೆ ಎರಡು ತಿಂಗಳು ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತು. ನವೆಂಬರಿನ ಒಂದು ಮಧ್ಯಾಹ್ನ, ಸೂಪು ಕುಡಿಯುತ್ತಿದ್ದವನು ಚಮಚ ಕೆಳಗಿಟ್ಟು ಕೇಳಿದನಂತೆ: "ಅದು ಹೇಗೆ ನೋಡ್ತು ನಿನ್ನ?"

ಅವಳು ಎಲ್ಲ ಹೇಳಿದಳು. ಕತ್ತು ತಿರುಗಿಸಿದ್ದು, ಏಳಲು ಹೋಗಿ ಬಿಟ್ಟಿದ್ದು, ತಾನು ತೂಗಿ ತುಂಬಿದ ಮದ್ದು ಏನು ಮಾಡುತ್ತದೆ ಎಂದು ಮೂವತ್ತನಾಲ್ಕು ವರ್ಷದಲ್ಲಿ ಅಂದೇ ಕಣ್ಣಾರೆ ಕಂಡಿದ್ದು. ಹೇಳುತ್ತ ಹೇಳುತ್ತ ಅತ್ತಳು. ಥರ್ಲೋ ಕೇಳಿಸಿಕೊಂಡು, ಹದಿಮೂರನೆಯ ವಯಸ್ಸಿನಲ್ಲಿ ತಾನು ಹೊಡೆದ ಮೊದಲ ಜಿಂಕೆಯ ಕಥೆ ಹೇಳಿದ. ಎಲ್ಲರೂ ಬೆನ್ನು ತಟ್ಟುತ್ತಿದ್ದಾಗ ಅಪ್ಪನ ಗಾಡಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಿದ್ದನಂತೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಗಂಡಸರು ಹೇಳ್ಬಾರ್ದು ಅನ್ಕೊಂಡಿದ್ದೆ. ಆ ಸಹಿ ಹಾಕ್ದೇ ಇದ್ದಿದ್ದೂ ಅದಕ್ಕೇ ಕಣೆ. ನನ್ನ ಭಾರ ನಿನ್ನ ಮೇಲೆ ಹೊರಿಸಿದೆ. ತಪ್ಪಾಯ್ತು."

ಅವನು ಅವಳ ಕ್ಷಮೆ ಕೇಳಿದ್ದು ಅದೇ ಮೊದಲಂತೆ. ಆರ್ಡಿತ್ ಕಣ್ಣೊರೆಸಿಕೊಂಡು, ಇಬ್ಬರ ಸೂಪೂ ಆರಿಹೋಗಿದೆಯೆಂದು ಮತ್ತೆ ಒಲೆಯ ಮೇಲಿಟ್ಟಳು.